ಟೌನ್ ಹಾಲ್ ಹತ್ತಿರದ ಮೊಬೈಲ್ ಅಂಗಡಿ ಹುಡುಗನಿಗೆ

ಬೆಳಗಾದರೆ ಜೋಗಕ್ಕೆ ಹೊರಡಬೇಕು. ಗೆಳೆಯರೆಲ್ಲ ತಮಗಿಷ್ಟದ ಹಾಡು, ಹಾಸ್ಯ ಕಳಿಸಿದ್ದರು, ಅದನ್ನೆಲ್ಲ ಪೆನ್‌ಡ್ರೈವ್‌ಗೆ ತುಂಬಿಸಿ ಕಾರಿಗೆ ಹಾಕಿದರೆ ಸ್ಟೀರಿಯೋ ಕಮಕ್ ಕಿಮಕ್ ಅನ್ನಲಿಲ್ಲ. ಮಲೆನಾಡಿನ ದಾರಿಯಲ್ಲಿ ನೆಟ್‌ವರ್ಕ್ ನಂಬೋಕಾಗಲ್ಲ, ಅಲ್ವಾ? ರಾತ್ರಿ ಹೊತ್ತು, ತುಮಕೂರಿನ ಟೌನ್ ಹಾಲ್ ಹತ್ತಿರ ಒಂದು ಅಂಗಡಿಯ ಶಟರ್ ಮಾತ್ರ ಅರ್ಧ ಇಳಿದಿತ್ತು.

"ಏನಾಯ್ತಣ್ಣ?" ಅಂತ ಹುಡುಗ ಶಟರ್ ಮತ್ತೆ ಮೇಲೆತ್ತಿದ. ಪೆನ್‌ಡ್ರೈವ್ ಮೂತಿಯನ್ನು ಅಂಗಿ ತುದಿಯಲ್ಲಿ ಒರೆಸಿ, ಹಾಕಿ ನೋಡಿ, ಇದು ಎನ್‌ಟಿಎಫ್‌ಎಸ್ ಅನ್ನೋ ಫಾರ್ಮ್ಯಾಟ್‌ನಲ್ಲಿದೆ (ಅಂದ್ರೆ ಡ್ರೈವ್‌ನಲ್ಲಿ ಫೈಲ್ ಜೋಡಿಸಿಡೋ ರೀತಿ), ಹಳೇ ಸ್ಟೀರಿಯೋಗಳು ಹೆಚ್ಚಾಗಿ ಫ್ಯಾಟ್ 32 ಅನ್ನೋ ಫಾರ್ಮ್ಯಾಟ್ ಮಾತ್ರ ಓದೋದು ಅಂದ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ ಅಂತ ಮೊದಲು ತನ್ನ ಕಂಪ್ಯೂಟರ್‌ಗೆ ಕಾಪಿ ಮಾಡಿಕೊಂಡ. ವಾಟ್ಸಾಪ್‌ನ ಹಾಸ್ಯದ ತುಣುಕುಗಳನ್ನೆಲ್ಲ ಎಂಪಿ3 ಮಾಡಿದ. ನಾನು ಕೇಳದೇ ಹಾಡಿಗೊಂದು, ಹಾಸ್ಯಕ್ಕೊಂದು ಫೋಲ್ಡರ್ ಕೂಡ ಮಾಡಿಕೊಟ್ಟ.

ಅಷ್ಟಕ್ಕೇ ಬಿಡಲಿಲ್ಲ, ಕಾರಿನ ತನಕ ಬಂದು ಹಾಕಿ ನೋಡಿದ. ಮೊದಲ ಜೋಕು ಹೊರಟಾಗ ನನಗೆ ಹೋದ ಜೀವ ಬಂದ ಹಾಗಾಯ್ತು. ಅವನು ಬಾಗಿಲ ಹತ್ತಿರ ನಿಂತು ಪಕಪಕ ನಕ್ಕು, ಇನ್ನೊಂದು ಜೋಕು ಕೇಳಿಯೇ ಹೊರಟ. ದುಡ್ಡು ಕೊಡೋಕೆ ಹೋದರೆ, "ಇವತ್ತಿನ ಲೆಕ್ಕ ಮುಗಿಸ್ಬಿಟ್ಟಿದೀನಿ ಅಣ್ಣ, ಮತ್ತೆ ಬರೆಯೋಕಾಗಲ್ಲ" ಅಂದ. ಒಳ್ಳೇ ನೆಪ!

ಗುಬ್ಬಿ ಹತ್ತಿರ ಹೋಗುವಾಗ ಹಳೇ ಕಂಪನಿ ನಾಟಕದ ಹಾಸ್ಯವೇ ಬರಬೇಕೇ? 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಊರು ಅದು. ತಿಪಟೂರು ಬರುವ ತನಕ ಯಾರೂ ಸ್ಟೀರಿಯೋ ಮುಟ್ಟಲಿಲ್ಲ.

ತಮ್ಮಾ, ಅವಸರದಲ್ಲಿ ನಿನ್ನ ಹೆಸರು ಕೇಳೋಕೂ ಆಗಲಿಲ್ಲ. ತುಂಬಾ ಥ್ಯಾಂಕ್ಸ್ ಕಣಪ್ಪ.