ನೇವಿ ಮಾಡಿದ್ದನ್ನೂ ಬರೀರಿ

ಸಂಪಾದಕರೇ, ಎರಡನೇ ಮಹಾಯುದ್ಧದ ಕೈದಿಗಳ ಬಗ್ಗೆ ನೀವು ಹಾಕಿದ್ದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಪೂರ್ತಿ ಜಪಾನ್ ಆರ್ಮಿ ಕೈದಿಗಳ ಕೈಲಿ ಕಟ್ಟಿಸಿದ ಬರ್ಮಾ ರೈಲ್ವೆನೇ ಆಯ್ತು, ಜಪಾನ್ ನೇವಿ ಸುದ್ದೀನೇ ಇಲ್ಲ. ಇಲ್ಲಿ ಹಾಸನದಲ್ಲಿ ಕೆಲವ್ರು ಕೈದಿಗಳಿಗೆ ಹಿಂಸೆ ಕೊಟ್ಟಿದ್ದೆಲ್ಲಾ ಆರ್ಮಿಯವ್ರ ಕೆಲಸ, ನೇವಿಯವ್ರು ಜಂಟಲ್‌ಮನ್ ಅಂತ ವಾದ ಮಾಡ್ತಾರೆ, ಅದಕ್ಕೇ ಇದನ್ನ ಬರೀತಿರೋದು.

1944ರ ಮಾರ್ಚ್‌ನಲ್ಲಿ ಮುಂಬೈಗೆ ಬರ್ತಿದ್ದ ಬೆಹಾರ್ ಅನ್ನೋ ಬ್ರಿಟಿಷ್ ಹಡಗನ್ನ ಜಪಾನಿನ ಟೋನೆ ಅನ್ನೋ ಯುದ್ಧನೌಕೆ ಮುಳುಗಿಸ್ತು. ನೀರಲ್ಲಿದ್ದ ನೂರಕ್ಕೂ ಹೆಚ್ಚು ಜನರನ್ನ ಮೇಲೆತ್ತಿಕೊಂಡ್ರು, ಅದ್ರಲ್ಲಿ ನಮ್ಮ ದೇಶದ ಖಲಾಸಿಗಳೂ ಇದ್ರು. ಕೆಲವರನ್ನ ಇಳಿಸಿ, ಉಳಿದ 60ಕ್ಕೂ ಹೆಚ್ಚು ಜನರನ್ನ ರಾತ್ರಿ ಡೆಕ್ ಮೇಲೇ ಕೊಂದ್ರು. ಕೊಲ್ಲೋದು ಬೇಡ ಅಂತ ಟೋನೆಯ ಕ್ಯಾಪ್ಟನ್ ಮಯುಜುಮಿ ಮೇಲಿನವ್ರನ್ನ ಕೇಳ್ಕೊಂಡಿದ್ನಂತೆ, ಒಪ್ಪಲಿಲ್ಲ ಅಂದಮೇಲೆ ಸುಮ್ನೆ ಆದೇಶ ಪಾಲಿಸಿದ. ಈ ಸುಮ್ನಾಗೋದೇ ನನಗೆ ಅರಗಲ್ಲ. ಯುದ್ಧ ಆದಮೇಲೆ ಹಾಂಗ್‌ಕಾಂಗ್‌ನಲ್ಲಿ ವಿಚಾರಣೆ ನಡೆದು ಅವನಿಗೆ 7 ವರ್ಷ ಜೈಲಾಯ್ತು, ಅವನ ಮೇಲಧಿಕಾರಿ ಅಡ್ಮಿರಲ್ ಸಕೊಂಜುನ ಗಲ್ಲಿಗೆ ಹಾಕಿದ್ರು.

ಅದೇ ವರ್ಷ ಜುಲೈನಲ್ಲಿ ಐ-8 ಅನ್ನೋ ಸಬ್‌ಮರೀನ್ ಅಮೆರಿಕದ ಜೀನ್ ನಿಕೊಲೆಟ್ ಹಡಗಿನವ್ರನ್ನ ಕೈ ಕಟ್ಟಿ ಡೆಕ್ ಮೇಲೆ ಕೂರ್ಸಿ ಬಡಿದ್ರು, ಚುಚ್ಚಿದ್ರು, ಆಮೇಲೆ ವಿಮಾನದ ಸುಳಿವು ಸಿಕ್ತು ಅಂತ ಇನ್ನೂ ಕೈ ಕಟ್ಟಿದ್ದವ್ರು ಮೇಲಿರುವಾಗ್ಲೇ ಸಬ್‌ಮರೀನನ್ನ ನೀರೊಳಗೆ ಇಳಿಸಿಬಿಟ್ರು! ಬದುಕಿ ತೇಲ್ತಿದ್ದ 23 ಜನರನ್ನ ಎತ್ಕೊಂಡಿದ್ದು ರಾಯಲ್ ಇಂಡಿಯನ್ ನೇವಿಯ ಹೊಕ್ಸಾ ಅನ್ನೋ ಸಣ್ಣ ಹಡಗು. ಇದು ನಮ್ಮ ಪಿಯು ಹುಡುಗರಿಗೆ ಎಷ್ಟು ಜನಕ್ಕೆ ಗೊತ್ತು?

ದಯವಿಟ್ಟು ಭಾನುವಾರದ ಪುರವಣಿಯಲ್ಲಿ ಬೆಹಾರ್, ಹೊಕ್ಸಾ ಎರಡ್ರ ಬಗ್ಗೆನೂ ಒಂದು ಪುಟ ಮಾಡಿ.

– ಓದುಗ, ಹಾಸನ