ಸೂಟ್‌ಕೇಸಿನಿಂದ ತೆಗೆದಿಟ್ಟ ಅಂಗಿ

ಮನಾಮಾ, ಬಹರೇನ್, ಆಗಸ್ಟ್ 2024

ಪ್ರೀತಿಯ ಪುಟ್ಟಿ,

ನಿನ್ನ ಕೆಂಪು ಅಂಗಿ ಕಳೆದುಹೋಗಿಲ್ಲ. ನೀನು ಹೊರಡುವ ಹಿಂದಿನ ರಾತ್ರಿ, ನೀನು ಮಲಗಿದ ಮೇಲೆ, ನಾನೇ ಅದನ್ನು ಸೂಟ್‌ಕೇಸಿನಿಂದ ತೆಗೆದು ಬೀರುವಿನಲ್ಲಿಟ್ಟೆ. ನಿನ್ನೆ ಕೇಳಿದಾಗ ‘ತೂಕ ಹೆಚ್ಚಾಗುತ್ತಿತ್ತು’ ಎಂದೆ. ಒಂದು ಅಂಗಿ ಎಷ್ಟು ತೂಗುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಏನೂ ಅನ್ನದೆ ಫೋನ್ ಇಟ್ಟೆ.

ಬಹರೇನ್ ಫುಟ್‌ಬಾಲ್ ತಂಡದ ಅಂಗಿ ತೊಟ್ಟು ಬೆಂಗಳೂರಿನ ಹಾಸ್ಟೆಲಿನಲ್ಲಿ ಓಡಾಡಿದರೆ ‘ನೀನು ನಮ್ಮವಳಲ್ಲ’ ಎಂದು ಯಾರಾದರೂ ಅಂದಾರು ಎಂಬ ಭಯ ನನ್ನದು. ಆದರೆ ಅಂಥ ಮಾತನ್ನು ನಿನಗೆ ಮೊದಲು ಆಡಿದವನು ನಾನೇ.

2019ರ ಜನವರಿ 14. ಶಾರ್ಜಾದಲ್ಲಿ ಏಷ್ಯಾ ಕಪ್ ಪಂದ್ಯ. ಭಾರತಕ್ಕೆ ಡ್ರಾ ಸಾಕಿತ್ತು, ಬಹರೇನ್ ಗೆಲ್ಲಲೇಬೇಕಿತ್ತು. ಮಾರನೆಯ ದಿನ ಸಂಕ್ರಾಂತಿ. ನೀನು ಟಿವಿಯ ಮುಂದೆ ಕುಳಿತು ಅಮ್ಮನಿಗಾಗಿ ಕೊಬ್ಬರಿ ಹೆಚ್ಚುತ್ತಿದ್ದೆ. ತೊಂಬತ್ತು ನಿಮಿಷ ಭಾರತದ ಗೋಲ್‌ಕೀಪರ್ ಗುರ್‌ಪ್ರೀತ್ ಗೋಲು ಬಿಡಲಿಲ್ಲ. ಅದಾದ ಮೇಲಿನ ಹೆಚ್ಚುವರಿ ಸಮಯದಲ್ಲಿ ಪ್ರಣಯ್ ಹಾಲ್ದರ್ ಫೌಲ್ ಮಾಡಿದ, ಬಹರೇನಿಗೆ ಪೆನಾಲ್ಟಿ ಸಿಕ್ಕಿತು, ಜಮಾಲ್ ರಶೀದ್ ಗೋಲು ಹೊಡೆದ. ನೀನು ಎದ್ದು ಕುಣಿದ ರಭಸಕ್ಕೆ ತಟ್ಟೆ ಮಗುಚಿ ಎಳ್ಳು, ಹುರಿಗಡಲೆ, ಬೆಲ್ಲದ ಚೂರು ಕಾರ್ಪೆಟ್ಟಿನ ತುಂಬ ಚೆಲ್ಲಿತು. ‘ಅದು ನಿನ್ನ ದೇಶವಲ್ಲ! ಅವರು ನಿನಗೆ ಪಾಸ್‌ಪೋರ್ಟ್ ಕೊಡುತ್ತಾರೇನು?’ ಎಂದು ನಾನು ಕಿರುಚಿದೆ. ನಿನಗಾಗ ಹದಿಮೂರು ವರ್ಷ. ಹುಟ್ಟಿದ್ದು ಇಲ್ಲೇ, ಓದಿದ್ದು ಇಲ್ಲೇ. ನೀನು ಅಳಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ಕಾರ್ಪೆಟ್ಟಿನ ಎಳೆಗಳ ನಡುವಿನಿಂದ ಎಳ್ಳನ್ನು ಬೆರಳ ತುದಿಯಿಂದ ಒತ್ತಿ ಒತ್ತಿ ತೆಗೆದೆ. ನಾನು ನೋಡುತ್ತಾ ನಿಂತಿದ್ದೆ. ಯುಗಾದಿಯವರೆಗೂ ಆ ಕಾರ್ಪೆಟ್ಟಿನಲ್ಲಿ ಎಳ್ಳು ಸಿಗುತ್ತಿತ್ತು. ಸಿಕ್ಕಾಗಲೆಲ್ಲ ನಿನ್ನ ಆ ಬೆರಳು ಕಣ್ಣ ಮುಂದೆ ಬರುತ್ತಿತ್ತು. ಆದರೂ ತಪ್ಪಾಯಿತು ಎಂದು ಒಂದು ದಿನವೂ ಹೇಳಲಿಲ್ಲ.

ನಿನಗೆ ಹೇಳದ ಇನ್ನೊಂದು ಸಂಗತಿಯಿದೆ. 2004ರಲ್ಲಿ ನಾನು ಇಲ್ಲಿಗೆ ಹೊಸಬ, ಒಂದೇ ಕೋಣೆಯಲ್ಲಿ ಆರು ಜನ. ಚೀನಾದಲ್ಲಿ ಏಷ್ಯಾ ಕಪ್ ನಡೆಯುತ್ತಿತ್ತು. ಆಗಿನ್ನೂ ಹತ್ತು ಲಕ್ಷ ಜನರೂ ಇರದ ಈ ದ್ವೀಪ ಸೆಮಿಫೈನಲ್‌ನಲ್ಲಿ ಜಪಾನ್ ಎದುರು ನಿಂತಿತ್ತು. ಟೀ ಅಂಗಡಿಯಲ್ಲಿ ಇಲ್ಲಿಯವರ ಜೊತೆ ಕುಳಿತು ನೋಡಿದೆ. ಅಲಾ ಹುಬೈಲ್ ಎರಡು ಗೋಲು ಹೊಡೆದ; 85ನೇ ನಿಮಿಷದಲ್ಲಿ ಬಹರೇನ್ 3-2 ಮುಂದೆ. ಗುರುತೇ ಇಲ್ಲದ ಮುದುಕರೊಬ್ಬರು ನನ್ನನ್ನು ತಬ್ಬಿಕೊಂಡರು. ತೊಂಬತ್ತನೇ ನಿಮಿಷದಲ್ಲಿ ಜಪಾನ್ ಸಮ ಮಾಡಿತು, ಆಮೇಲೆ 4-3ರಿಂದ ಗೆದ್ದಿತು. ಕೋಣೆಗೆ ಮರಳುವಾಗ ನನ್ನ ಕಣ್ಣಲ್ಲಿ ನೀರಿತ್ತು, ಪುಟ್ಟಿ. ಬಂದು ವರ್ಷವೂ ತುಂಬದ ನನಗೆ ಹಾಗಾಗಿದ್ದರೆ, ಇಲ್ಲೇ ಹುಟ್ಟಿದ ನಿನ್ನನ್ನು ಗದರಿಸಲು ನನಗೆ ಯಾವ ಹಕ್ಕಿತ್ತು?

ಈ ಜನವರಿಯಲ್ಲಿ ಬಹರೇನ್ ಕೊರಿಯಾವನ್ನು ಹಿಂದಿಕ್ಕಿ ಗುಂಪಿನಲ್ಲಿ ಮೊದಲು ಬಂದಾಗ ನೀನು ಸದ್ದಿಲ್ಲದೆ ಕುಳಿತು ನೋಡಿದೆ. ಗೋಲಾದಾಗ ದಿಂಬಿಗೆ ಮುಖ ಒತ್ತಿಕೊಂಡೆ. ಬಾಗಿಲಾಚೆಯಿಂದ ನೋಡಿದ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಊರಿನ ಬಗ್ಗೆ ಯಾರು ಕೇಳಿದರೂ ಎರಡನ್ನೂ ಹೇಳು: ಮಂಡ್ಯ, ಮನಾಮಾ. ಯಾವುದನ್ನೂ ನುಂಗಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಒಬ್ಬಳೇ ಆಟೋ ಹತ್ತಬೇಡ. ಭಾನುವಾರ ಅಜ್ಜಿಗೆ ಫೋನ್ ಮಾಡು. ಹಾಸ್ಟೆಲಿನಲ್ಲಿ ಜಗಳವಾದರೆ ನೀನೇ ಮೊದಲು ಮಾತಾಡಿಸು; ನನ್ನಂತೆ ಐದು ವರ್ಷ ಕಾಯಬೇಡ. ನೋಡು, ಕ್ಷಮೆ ಕೇಳಲು ಕುಳಿತವನು ಉಪದೇಶಕ್ಕಿಳಿದಿದ್ದೇನೆ. ತಪ್ಪಾಯಿತು ಮಗಳೇ, ಅಂದಿನದೂ, ಅಂಗಿಯದೂ.

ಶುಕ್ರವಾರ ನಮ್ಮ ಕಚೇರಿಯವರೊಬ್ಬರು ಬೆಂಗಳೂರಿಗೆ ಬರುತ್ತಿದ್ದಾರೆ. ಅಂಗಿಯನ್ನು ಅವರ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಅಮ್ಮ ಮಾಡಿದ ಚಟ್ನಿಪುಡಿ. ಅಂಗಿಯನ್ನು ಬಿಸಿನೀರಿನಲ್ಲಿ ನೆನೆಸಬೇಡ, ಬೆನ್ನಿನ ಮೇಲಿನ ಅಂಕಿ ಏಳುತ್ತದೆ.

ನಿನ್ನ
ಅಪ್ಪ