ನಿಮ್ಮ ಆ್ಯಪ್‌ನ ಕೊರಿಯನ್ ಬೀಫ್-ಅನ್ನದ ರೆಸಿಪಿ ತಪ್ಪಾಗಿರುವ ಬಗ್ಗೆ ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: '20 ನಿಮಿಷದಲ್ಲಿ ಕೊರಿಯನ್ ಬೀಫ್ ಮತ್ತು ಅನ್ನ' ರೆಸಿಪಿಯನ್ನು ತಿದ್ದುವುದು ಮತ್ತು ಚಂದಾ ಹಣ ವಾಪಸ್ ಮಾಡುವುದು

ಮಾನ್ಯರೇ,

ನಾನು ನಿಮ್ಮ ಅಡುಗೆ ಆ್ಯಪ್‌ಗೆ ಒಂದು ವರ್ಷದ ಚಂದಾ ಕಟ್ಟಿದ್ದೇನೆ. ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಕೆಲಸದಲ್ಲಿದ್ದೇನೆ. ಚಂದಾ ಕಟ್ಟಿದ್ದು ನನಗಾಗಿ ಅಲ್ಲ, ಅಮ್ಮನಿಗಾಗಿ. ಮಂಗಳೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದಾರೆ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಇಲ್ಲಿನ ಅಡುಗೆಯನ್ನು ಕನ್ನಡದಲ್ಲಿ ಬರೆದವರು ನೀವು ಅಂತ ತುಂಬಾ ಖುಷಿಪಟ್ಟಿದ್ದರು.

ಕಳೆದ ಗುರುವಾರ ಅವರು ಮೊಮ್ಮಗನನ್ನು ಕರೆದುಕೊಂಡು ಮಾರ್ಟ್‌ಗೆ ಹೋದರು. ನಿಮ್ಮ ರೆಸಿಪಿಯಲ್ಲಿರುವುದು ಬುಲ್ಗೋಗಿ, ಅಂದರೆ ಸೋಯಾ ಸಾಸ್‌ನಲ್ಲಿ ನೆನೆಸಿ ಹುರಿಯುವ ತೆಳ್ಳಗಿನ ಬೀಫ್. ಅದಕ್ಕೆ ಅಂತಲೇ ತೆಳ್ಳಗೆ ಕೊಯ್ದಿಟ್ಟ ಹನ್ವೂ ಬೀಫ್ ಅರ್ಧ ಕಿಲೋ ತಂದರು. ಹನ್ವೂ ಎಂದರೆ ಇಲ್ಲಿನ ದೇಸಿ ತಳಿಯ ದನ. ಆಸ್ಟ್ರೇಲಿಯಾ, ಅಮೆರಿಕದಿಂದ ಬರುವ ಮಾಂಸಕ್ಕಿಂತ ಬಹಳ ದುಬಾರಿ. ಸೋಯಾ ಸಾಸ್ ತರಲು ನಿಮ್ಮ ಫೋಟೋದಲ್ಲಿದ್ದ ಬಾಟಲಿಯ ಮೇಲಿನ ಕೊರಿಯನ್ ಅಕ್ಷರಗಳನ್ನು ಅಂಗಡಿಯ ಬಾಟಲಿಗಳ ಜೊತೆ ಒಂದೊಂದಾಗಿ ಹೋಲಿಸಿ ನೋಡಿದರಂತೆ. ಸರಿಯಾಗಿ ಅದೇ ಬಾಟಲಿ ತಂದರು. ತಪ್ಪಿದ್ದದ್ದು ಫೋಟೋದಲ್ಲೇ.

ಅದು ಗುಕ್ ಗಂಜಾಂಗ್. ಗುಕ್ ಎಂದರೆ ಸಾರು, ಗಂಜಾಂಗ್ ಎಂದರೆ ಸೋಯಾ ಸಾಸ್. ಸಾರಿಗೆ ಚೂರೇ ಚೂರು ಹಾಕುವ ಸೋಯಾ ಸಾಸ್ ಅದು. ಬಣ್ಣ ತಿಳಿ, ಉಪ್ಪು ಜಾಸ್ತಿ. ಬುಲ್ಗೋಗಿಗೆ ಹಾಕುವುದು ಜಿನ್ ಗಂಜಾಂಗ್, ಅದರ ಬಣ್ಣ ಗಾಢ, ಉಪ್ಪು ಕಡಿಮೆ. ನೀವು ಬರೆದಿರುವುದು ಬರೀ 'ಸೋಯಾ ಸಾಸ್ 6 ದೊಡ್ಡ ಚಮಚ' ಎಂದು. ಅಮ್ಮ ಆರು ಚಮಚ ಅಳೆದು ಹಾಕಿದರು. ಅವರಿಗೆ ಬಿಪಿ ಇದೆ, ಉಪ್ಪು ಕಡಿಮೆ ತಿನ್ನಬೇಕು.

ಎರಡನೇ ತಪ್ಪು ಇನ್ನೂ ದೊಡ್ಡದು. 'ಎರಡು ಕಿವಿ ಹಣ್ಣು ರುಬ್ಬಿ ಮಾಂಸಕ್ಕೆ ಕಲಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ' ಎಂದಿದ್ದೀರಿ. ಕಿವಿ ಹಣ್ಣಿನಲ್ಲಿ ಮಾಂಸದ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ. ಕಾಗದದಷ್ಟು ತೆಳ್ಳಗಿನ ಮಾಂಸಕ್ಕೆ ಒಂದು ಚಮಚ ಕಿವಿ ಹಣ್ಣು, ಅರ್ಧ ಗಂಟೆ, ಅಷ್ಟೇ ಸಾಕು. ಶುಕ್ರವಾರ ಸಂಜೆ ನಾನು ಆಫೀಸಿನಿಂದ ಬಂದಾಗ ಅಮ್ಮ ಅದನ್ನು ಬಾಣಲೆಗೆ ಹಾಕಿದ್ದರು. ಸೌಟಿನಲ್ಲಿ ಎತ್ತಿದರೆ ಒಂದು ಎಳೆಯೂ ಉಳಿದಿರಲಿಲ್ಲ. ಬೂದು ಬಣ್ಣದ ಹಿಟ್ಟಿನ ಹಾಗೆ ಬಾಣಲೆಗೆ ಮೆತ್ತಿಕೊಂಡು, ಸುತ್ತ ನೀರು ಬಿಟ್ಟಿತ್ತು. ಬಾಯಿಗಿಟ್ಟರೆ ಬರೀ ಉಪ್ಪು.

ಅನ್ನ ಕೆಡಲಿಲ್ಲ. ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು ಅಂತ ಬರೆದಿದ್ದೀರಿ. ಇಲ್ಲಿನ ಗುಂಡು ಅಕ್ಕಿಗೆ ಅಷ್ಟು ನೀರು ಹಾಕಿದರೆ ಗಂಜಿಯಾಗುತ್ತದೆ. ಅದೊಂದನ್ನು ಅಮ್ಮ ನಂಬದೆ ಕುಕ್ಕರಿನ ಗೆರೆ ನೋಡಿ ಹಾಕಿದ್ದರು. ಮಗ ಅದೇ ಅನ್ನಕ್ಕೆ ಒಂದು ಮೊಟ್ಟೆ ಹಾಕಿಕೊಂಡು ತಿಂದ.

ನನಗೆ ಸಂಕಟವಾಗಿದ್ದು ಆಮೇಲೆ. 'ನನ್ನ ಕೈಯೇ ಸರಿ ಇಲ್ಲ, ವಯಸ್ಸಾಯ್ತು' ಅಂತ ಅಮ್ಮ ಮೂಲೆಯಲ್ಲಿ ಕೂತುಬಿಟ್ಟರು. ನಲವತ್ತು ವರ್ಷ ಬೀಫ್ ಸುಕ್ಕ ಮಾಡಿದ ಕೈ ಅದು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಹಬ್ಬವಾದರೂ ಮಸಾಲೆ ಹದ ನೋಡಲು ಅವರನ್ನೇ ಕರೆಯುತ್ತಿದ್ದರು. ಮರುದಿನ ಪಕ್ಕದ ಮನೆಯ ಅಜ್ಜಿ ಬಂದು ಬಾಟಲಿ ನೋಡಿ, 'ಗುಕ್' ಅನ್ನುವ ಅಕ್ಷರದ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದರು. ತಮ್ಮ ಮನೆಯಿಂದ ಬೇರೆ ಬಾಟಲಿ ತಂದುಕೊಟ್ಟರು. ಅರ್ಧ ಕಿಲೋ ಮಾಂಸಕ್ಕೆ ಜಿನ್ ಗಂಜಾಂಗ್ 4 ದೊಡ್ಡ ಚಮಚ, ಸಕ್ಕರೆ 2, ಬೆಳ್ಳುಳ್ಳಿ, ಎಳ್ಳೆಣ್ಣೆ, ಕಾಳುಮೆಣಸು, ತುರಿದ ಕೊರಿಯನ್ ಪೇರ್ ಹಣ್ಣು ಸ್ವಲ್ಪ. ಅರ್ಧ ಗಂಟೆ ನೆನೆಸಿ, ದೊಡ್ಡ ಉರಿಯಲ್ಲಿ ಐದಾರು ನಿಮಿಷ ಹುರಿದರು. ಆಗಲೇ ಅಮ್ಮನಿಗೆ ಗೊತ್ತಾಗಿದ್ದು, ತಪ್ಪು ತಮ್ಮದಲ್ಲ ಅಂತ.

ಸೋಮವಾರ ನಿಮಗೆ ಬರೆದೆ. 'ರುಚಿ ಒಬ್ಬೊಬ್ಬರಿಗೆ ಒಂದೊಂದು ರೀತಿ, ಉಪ್ಪು ನಿಮ್ಮ ಇಷ್ಟದಂತೆ ಹೊಂದಿಸಿಕೊಳ್ಳಿ' ಅಂತ ಉತ್ತರ ಬಂತು. ಮಾಂಸ ಹಿಟ್ಟಾಗಿದ್ದು ರುಚಿಯ ವಿಷಯ ಅಲ್ಲ ಅಲ್ವಾ? ಈ ರೆಸಿಪಿಯನ್ನು ನಿಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಮಾಡಿ ನೋಡಿದ್ದರೆ ಮೊದಲ ತುತ್ತಿನಲ್ಲೇ ತಿಳಿಯುತ್ತಿತ್ತು. ಬೇರೆ ಭಾಷೆ ಬಲ್ಲವರು ನಾಲ್ಕು ಕಡೆ ನೋಡಿ ಸರಿಪಡಿಸಿಕೊಳ್ಳುತ್ತಾರೆ. ಕನ್ನಡ ಮಾತ್ರ ಓದುವವರಿಗೆ ನೀವು ಬರೆದದ್ದೇ ಕೊನೆಯ ಮಾತು.

ಬಾಟಲಿಯ ಫೋಟೋ ಬದಲಿಸಿ. ಸೋಯಾ ಸಾಸ್ ಯಾವುದು ಅಂತ ಹೆಸರು ಹಾಕಿ ಬರೆಯಿರಿ. ಕಿವಿ ಹಣ್ಣಿನ ಅಳತೆಯನ್ನೂ ಸಮಯವನ್ನೂ ಈ ವಾರವೇ ತಿದ್ದಿ, ಯಾಕೆಂದರೆ ಇವತ್ತು ರಾತ್ರಿಯೂ ಯಾರೋ ಮಾಂಸ ನೆನೆಹಾಕುತ್ತಿರಬಹುದು. ನನ್ನ ವರ್ಷದ ಚಂದಾ ಹಣವನ್ನು ಪೂರ್ತಿ ವಾಪಸ್ ಮಾಡಿ. ತಪ್ಪು ರೆಸಿಪಿಯದ್ದೇ ಎಂದು ಒಪ್ಪಿ ಕನ್ನಡದಲ್ಲಿ ಒಂದು ಉತ್ತರ ಬರೆಯಿರಿ. ಅಮ್ಮ ಮುಂದಿನ ತಿಂಗಳು ಊರಿಗೆ ಹೊರಡುತ್ತಾರೆ. ಅದಕ್ಕೆ ಮೊದಲು ಅವರೇ ಅದನ್ನು ಓದಬೇಕು.

ಇಂತಿ,
ನಿಮ್ಮ ಚಂದಾದಾರಳು
ಸುವಾನ್, ದಕ್ಷಿಣ ಕೊರಿಯಾ